ಸಂಪತ್ತು ಒಂದು ಅಮಾನತ್ತು: ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

(ಜುಮಾ ಪ್ರವಚನದ ಸಾರಾಂಶ)



ನಮ್ಮ ಕೈಯಲ್ಲಿರುವ ಸಂಪತ್ತು ಅಲ್ಲಾಹನು ಒಪ್ಪಿಸಿದ ಅಮಾನತ್ತು. ಅದನ್ನು ಹೇಗೆ ಗಳಿಸಿದೆವು, ಎಲ್ಲಿ ಖರ್ಚು ಮಾಡಿದೆವು ಎಂಬ ಎರಡೂ ಪ್ರಶ್ನೆಗಳಿಗೆ ನಾಳೆ ನಾವು ಉತ್ತರಿಸಬೇಕಿದೆ. ಈ ವಿಚಾರವನ್ನು ನಮ್ಮ ನಾಡಿನವರೇ ಆದ ಉಡುಪಿಯ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಬದುಕಿನಲ್ಲಿ ನೋಡೋಣ.

ಅದು ಸ್ವದೇಶಿ ಚಳವಳಿಯ ಕಾಲ. ಕರಾವಳಿಯ ರೈತರಿಗೂ ಸಣ್ಣ ವ್ಯಾಪಾರಿಗಳಿಗೂ ಕಷ್ಟ ಬಂದರೆ ಲೇವಾದೇವಿಗಾರನ ಬಾಗಿಲೇ ಗತಿ. ವರ್ತಕರಾಗಿದ್ದ ಹಾಜಿ ಸಾಹೇಬರು ಊರಿನ ಹಿತೈಷಿಗಳನ್ನು ಕೂಡಿಸಿಕೊಂಡು 1906ರ ಮಾರ್ಚ್ 12ರಂದು, 5,000 ರೂಪಾಯಿ ಬಂಡವಾಳದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದರು. ಮೊದಲ ದಿನ ಜಮೆಯಾದದ್ದು 38 ರೂಪಾಯಿ, 13 ಆಣೆ, 2 ಪೈ. ಜಾತಿಮತ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯ ಮತ್ತು ಸಹಕಾರದ ಅಭ್ಯಾಸ ಬೆಳೆಸುವುದೇ ಅವರ ಗುರಿಯಾಗಿತ್ತು. ಅದೇ ವರ್ಷ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಇಂದಿನ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. ಹಾಜಿ ಸಾಹೇಬರ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದು, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಬ್ಯಾಂಕ್ ಎಂದೊಡನೆ ಬಡ್ಡಿಯ ಪ್ರಶ್ನೆ ಏಳುತ್ತದೆ. ಬಡ್ಡಿ ನಿಷಿದ್ಧ, ಯಾವ ದೊಡ್ಡವರ ಹೆಸರು ಹೇಳಿಯೂ ಅದನ್ನು ನಾವು ಸಡಿಲಿಸುವಂತಿಲ್ಲ. ಆದರೆ ನೆರೆಯವನ ಸಂಕಟ ಕಂಡು ಸುಮ್ಮನಿರದ ಅವರ ಮನಸ್ಸಿನಿಂದ ಕಲಿಯುವುದು ಬಹಳವಿದೆ. ಉಡುಪಿಯಲ್ಲಿ ಹೆಂಗಸರು ಮತ್ತು ಮಕ್ಕಳ ಆಸ್ಪತ್ರೆಗಾಗಿ ಅವರು ಜಾಗ ದಾನ ಮಾಡಿದರು. ಅಲ್ಲಿನ ಆಸ್ಪತ್ರೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅಲ್ಲಿ ಹೆರಿಗೆಗೆ ಬರುವ ತಾಯಿಯ ಧರ್ಮವನ್ನು ಯಾರೂ ಕೇಳುವುದಿಲ್ಲ. ಮರಣದ ನಂತರವೂ ಪ್ರತಿಫಲ ನಿಲ್ಲದ ಮೂರು ಕರ್ಮಗಳಲ್ಲಿ ಸದಖಾ ಜಾರಿಯಾ ಒಂದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಇನ್ನು ನಮ್ಮ ಕಡೆ ನೋಡೋಣ. ಒಂದು ಮದುವೆಯ ಊಟಕ್ಕೆ ಲಕ್ಷಗಟ್ಟಲೆ ಸುರಿಯುತ್ತೇವೆ. ಅದೇ ಮೊಹಲ್ಲಾದ ವಿಧವೆ ಮಗನ ಶಾಲೆಯ ಫೀಸಿಗೆಂದು ವಾರದ ಬಡ್ಡಿಗೆ ಸಾಲ ತರುತ್ತಾಳೆ. ಬಡ್ಡಿ ಹರಾಮ್ ಎಂದು ಮಿಂಬರಿನಿಂದ ಸಾರುವ ನಾವು ಆಕೆಗೆ ಬೇರೆ ದಾರಿ ತೋರಿಸದಿದ್ದರೆ, ಆ ಪಾಪದಲ್ಲಿ ನಮ್ಮ ಪಾಲಿಲ್ಲವೇ? ಪ್ರತಿ ಜಮಾಅತ್ ಒಂದು ಬಡ್ಡಿರಹಿತ ಸಾಲದ ನಿಧಿ ಆರಂಭಿಸಲಿ. ಕೊಟ್ಟದ್ದನ್ನೂ ಪಡೆದದ್ದನ್ನೂ ಸಾಕ್ಷಿಗಳ ಮುಂದೆ ಬರೆದಿಡಲಿ. ಕುರ್‌ಆನಿನ ಆದೇಶವೂ ಅದೇ. ಮೊತ್ತ ಚಿಕ್ಕದೆಂದು ಹಿಂಜರಿಯುವುದು ಬೇಡ.

ಗಳಿಕೆಯಲ್ಲಿ ಹಲಾಲನ್ನೂ ಖರ್ಚಿನಲ್ಲಿ ವಿವೇಕವನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.