ಕೈಕೊಡದ ಕಾರೆಂದರೆ ಸುರಕ್ಷಿತ ಕಾರೇ?



ದೇವಸುಗೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಂಗಳದ ಬೇವಿನ ನೆರಳಲ್ಲಿ ಬಿಳಿಯ ಮಾರುತಿ 800 ಕಾರೊಂದು ನಿಂತಿದೆ. 2010ರಲ್ಲಿ ಕೊಂಡದ್ದು. ಮನೆಯ ಯಜಮಾನರು ಅದರಲ್ಲೇ ಶಕ್ತಿನಗರದ ಕೆಲಸಕ್ಕೆ ಹೋಗಿಬಂದಿದ್ದಾರೆ. ಮಕ್ಕಳನ್ನು ರಾಯಚೂರಿನ ಕಾಲೇಜಿಗೆ ಬಿಟ್ಟಿದ್ದಾರೆ. ದೇವದುರ್ಗದ ಮದುವೆಗೆ, ಮಾನ್ವಿಯ ಬೀಗರ ಮನೆಗೆ ಅದೇ ಕಾರು. "ಹದಿನೈದು ವರ್ಷ ಆತು, ಒಂದಿನಾನೂ ಕೈ ಕೊಟ್ಟಿಲ್ಲ, ಇದಕ್ಕೇನಾಗ್ಯದ?" ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ.

2025ರಲ್ಲಿ ಕಾರಿನ ನೋಂದಣಿಯ ಅವಧಿ ಮುಗಿಯಿತು. ನವೀಕರಣಕ್ಕೆಂದು ಆರ್‌ಟಿಓ ಕಛೇರಿಗೆ ಒಯ್ದರೆ, ಹಿಂದಿನ ಬ್ರೇಕು, ಎರಡು ಟೈರು, ಒಂದು ಹೆಡ್‌ಲೈಟು ಸರಿಪಡಿಸಿಕೊಂಡು ಬನ್ನಿ ಎಂದು ಇನ್‌ಸ್ಪೆಕ್ಟರರು ಹಿಂದಕ್ಕೆ ಕಳಿಸಿದರು. ಯಜಮಾನರಿಗೆ ಸಿಟ್ಟು ಬಂತು. ಕಾಲೇಜು ಓದುವ ಮಗಳು ಮಾತ್ರ ಒಂದು ಪ್ರಶ್ನೆ ಕೇಳಿದಳು: "ಅಪ್ಪಾ, ದಿನಾ ಓಡೋ ಗಾಡಿ ಫೇಲ್ ಹೆಂಗಾತು?"

ಈ ಮನೆ ಕಲ್ಪನೆಯದು, ಆದರೆ ಪ್ರಶ್ನೆ ನಿಜವಾದದ್ದು. ಇಂದಿನ ಮಾತು ಆ ಪ್ರಶ್ನೆಗೆ ಉತ್ತರ.

ಮೊದಲು ಕಾರಿನ ಪರಿಚಯ ಮಾಡಿಕೊಳ್ಳೋಣ. ಜಪಾನಿನ ಸುಜುಕಿ ಸಂಸ್ಥೆಯ ಸಹಯೋಗದಲ್ಲಿ ತಯಾರಾದ ಮಾರುತಿ 800 ಮೊದಲ ಗ್ರಾಹಕರ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು. ಮೂರು ಸಿಲಿಂಡರುಗಳ, 796 ಸಿ.ಸಿ.ಯ ಪುಟ್ಟ ಎಂಜಿನ್ನು. ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಹೊಗೆಯ ನಿಯಮ ಬಿಗಿಯಾಗಿ, ಅಲ್ಲಿ ಈ ಕಾರಿನ ಮಾರಾಟ ನಿಂತಿತು. ಉಳಿದ ಊರುಗಳಲ್ಲಿ ಇನ್ನೂ ಕೆಲವು ವರ್ಷ ನಡೆಯಿತು. ಹಾಗಾಗಿ ನಮ್ಮ ಕಡೆಯ ಊರುಗಳಲ್ಲಿ ಇಂದಿಗೂ ಈ ಕಾರು ಕಣ್ಣಿಗೆ ಬೀಳುತ್ತದೆ.

ಅದು ಜನರ ವಿಶ್ವಾಸ ಗಳಿಸಿದ್ದು ಹೇಗೆ? ರಚನೆ ಸರಳ, ತೂಕ ಕಡಿಮೆ. ಬಿಡಿಭಾಗಗಳು ಸಣ್ಣ ಊರಿನಲ್ಲಿಯೂ ಸಿಗುತ್ತಿದ್ದವು. ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ಕೇ ಇರಲಿಲ್ಲ ಎನ್ನಬಹುದು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ನು ಶುರುವಾಗುತ್ತಿತ್ತು. ಹೀಗೆ ಕೈಕೊಡದೆ ಓಡುವ ಗುಣವನ್ನು ನಾವು 'ವಿಶ್ವಾಸಾರ್ಹತೆ' ಎಂದು ಕರೆಯೋಣ.

ಆದರೆ ಇನ್ನೊಂದು ಗುಣವಿದೆ: 'ರಸ್ತೆಯೋಗ್ಯತೆ'. ಜನರ ಬಾಯಲ್ಲಿ ಇದು 'ಫಿಟ್‌ನೆಸ್'. ಕಾರು ಹೊರಡುತ್ತದೆಯೇ ಎಂಬುದು ವಿಶ್ವಾಸಾರ್ಹತೆಯ ಪ್ರಶ್ನೆ. ಹೊರಟ ಕಾರು ಬೇಕಾದಾಗ ನಿಲ್ಲುತ್ತದೆಯೇ, ತಿರುಗಿಸಿದತ್ತ ತಿರುಗುತ್ತದೆಯೇ, ಕತ್ತಲಲ್ಲಿ ಕಾಣುತ್ತದೆಯೇ, ಕಾಣಿಸುತ್ತದೆಯೇ ಎಂಬುದು ರಸ್ತೆಯೋಗ್ಯತೆಯ ಪ್ರಶ್ನೆ. ಎರಡೂ ಒಂದೇ ಅಲ್ಲ. ಮಗಳ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಯೋಚಿಸಿ ನೋಡಿ. ಎಂಜಿನ್ನು ಕೆಟ್ಟರೆ ಕಾರು ನಿಲ್ಲುತ್ತದೆ. ಮಾಲೀಕರು ಅಂದೇ ಗ್ಯಾರೇಜಿಗೆ ಓಡುತ್ತಾರೆ. ಬ್ರೇಕಿನ ಲೈನಿಂಗು ಸವೆಯುವುದು ಹಾಗಲ್ಲ. ದಿನಕ್ಕೆ ಕೂದಲೆಳೆಯಷ್ಟೂ ಇಲ್ಲ. ಕಾಲು ತಾನಾಗಿಯೇ ಪೆಡಲನ್ನು ಸ್ವಲ್ಪ ಹೆಚ್ಚು ಒತ್ತಲು ಕಲಿಯುತ್ತದೆ, ಓಡಿಸುವವರಿಗೆ ಅದು ತಿಳಿಯುವುದೇ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ, ಮತ್ತೆ ಮತ್ತೆ ಬ್ರೇಕು ಹಿಡಿದು ಬಿಸಿಯಾದಾಗ, ಕೊಳವೆಯೊಳಗೆ ಆವಿ ಹುಟ್ಟಿ ಪೆಡಲು ಮೆತ್ತಗಾಗಿಬಿಡಬಹುದು. ಬಿಸಿಲಿನಲ್ಲಿ ಟೈರಿನ ರಬ್ಬರು ಗಡುಸಾಗಿ ಬಿರಿಯುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಟೇರಿಂಗಿನ ಕೀಲುಗಳು ಸಡಿಲಾಗುತ್ತವೆ. ಮಳೆಗಾಲದ ಕೆಸರು ಅಡಿಭಾಗದಲ್ಲಿ ಕೂತು ತುಕ್ಕು ತರುತ್ತದೆ. ಇವುಗಳಲ್ಲಿ ಒಂದೂ ಬೆಳಿಗ್ಗೆ ಕಾರು ಶುರುವಾಗುವುದನ್ನು ತಡೆಯುವುದಿಲ್ಲ. ಎಂಜಿನ್ನು ಎಷ್ಟು ಗಟ್ಟಿಯೋ, ಉಳಿದ ಭಾಗಗಳನ್ನು ನಾವು ಅಷ್ಟೇ ಸುಲಭವಾಗಿ ಮರೆಯುತ್ತೇವೆ. ಕೈಕೊಡದ ಕಾರಿನ ಅಪಾಯ ಇದು.

ಇದನ್ನು ಲೆಕ್ಕದಲ್ಲಿ ನೋಡೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದು, ಬ್ರೇಕು ಒತ್ತಿದ ಮೇಲೆ 12 ಮೀಟರಿನಲ್ಲಿ ನಿಲ್ಲುವ ಕಾರೊಂದನ್ನು ತೆಗೆದುಕೊಳ್ಳಿ. ವೇಗ ಎರಡು ಪಟ್ಟು, ಅಂದರೆ 80 ಆದರೆ, ಅದು ನಿಲ್ಲಲು ಬೇಕಾದ ದೂರ 24 ಅಲ್ಲ, 48 ಮೀಟರು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಈಗ ಬ್ರೇಕಿನ ಬಲ ಅರ್ಧಕ್ಕಿಳಿದಿದೆ ಎನ್ನಿ. 48 ಹೋಗಿ 96 ಆಗುತ್ತದೆ. ಅಪಾಯ ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಓಡುವ 22 ಮೀಟರು ಬೇರೆ. ಊರೊಳಗೆ ಮೆಲ್ಲಗೆ ಓಡಾಡುವಾಗ ಈ ಕೊರತೆ ಗೊತ್ತಾಗುವುದಿಲ್ಲ. ರಾಯಚೂರಿನ ಹೆದ್ದಾರಿಯಲ್ಲಿ ಬೂದಿಯ ಟ್ಯಾಂಕರು ಎದುರಿಗೆ ಥಟ್ಟನೆ ನಿಂತಾಗ ಗೊತ್ತಾಗುತ್ತದೆ. ಆಗ ತಿಳಿದು ಪ್ರಯೋಜನವಿಲ್ಲ.

ಆದ್ದರಿಂದಲೇ ತಪಾಸಣೆ ಬೇಕು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಊರ್ಜಿತ. ಆಮೇಲೆ ವಾಹನವನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಬಾಡಿಗೆಗೆ ಓಡುವ ಹಳದಿ ಬೋರ್ಡಿನ ಕಾರಿಗೆ ನಿಯಮ ಬೇರೆ. ಹೊಸದಾದ ಎರಡು ವರ್ಷದ ನಂತರ ಅದು ಎಫ್‌ಸಿಗೆ ಹೋಗಬೇಕು. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಅದೇ ಮಾದರಿಯ ಎರಡು ಕಾರು, ಅದೇ ಬ್ರೇಕು, ಅದೇ ಟೈರು. ಬಿಳಿ ಬೋರ್ಡಿನದನ್ನು 15 ವರ್ಷ ನೋಡುವವರು ಮನೆಯವರು ಮಾತ್ರ. ಅವರೂ ನೋಡದಿದ್ದರೆ ಯಾರೂ ನೋಡಲಿಲ್ಲವೆಂದೇ ಅರ್ಥ. ನಡುವೆ ಮಾಡಿಸುವ ಎಮಿಷನ್ ಪರೀಕ್ಷೆ ಹೊಗೆಯನ್ನು ಅಳೆಯುತ್ತದೆ, ಬ್ರೇಕನ್ನಲ್ಲ.

ಹೊರದೇಶಗಳಲ್ಲಿ ಹೇಗೆ? ಬ್ರಿಟನ್ನಿನಲ್ಲಿ 1960ರಿಂದ ಇಂಥ ತಪಾಸಣೆಯಿದೆ. ಅಲ್ಲಿ ಹೆಚ್ಚಿನ ಕಡೆ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು. ಒಂದು ಕಾರಿನ ಹಿಂದಿನ ಫಲಿತಾಂಶಗಳನ್ನು ಅದರ ನಂಬರು ಕೊಟ್ಟು ಯಾರು ಬೇಕಾದರೂ ನೋಡಬಹುದು. ಜರ್ಮನಿಯಲ್ಲಿ ಮೊದಲ ತಪಾಸಣೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅಲ್ಲಿನ 'ಟ್ಯೂಫ್' ಎಂಬ ತಪಾಸಣಾ ಸಂಸ್ಥೆಗಳು ಯಾವ ಮಾದರಿಯ, ಎಷ್ಟು ವಯಸ್ಸಿನ ಕಾರುಗಳಲ್ಲಿ ನೂರಕ್ಕೆ ಎಷ್ಟರಲ್ಲಿ ದೋಷ ಸಿಕ್ಕಿತೆಂದು ಪ್ರತಿವರ್ಷ ಪಟ್ಟಿ ಪ್ರಕಟಿಸುತ್ತವೆ. ಹಳೆಯ ಕಾರು ಕೊಳ್ಳುವವರು ಅದನ್ನು ಓದಿ ಕೊಳ್ಳುತ್ತಾರೆ.

ಅಂಥ ಪಟ್ಟಿ ನಿಮ್ಮ ಕೈಗೆ ಬಂದರೆ ಹೇಗೆ ಓದುತ್ತೀರಿ? ಇಲ್ಲಿ ಎಚ್ಚರ ಬೇಕು. ಒಂದು ಮಾದರಿಯಲ್ಲಿ ನೂರಕ್ಕೆ 10, ಇನ್ನೊಂದರಲ್ಲಿ 20 ಕಾರು ಫೇಲಾಗಿವೆ ಎಂದುಕೊಳ್ಳಿ. ಎರಡನೆಯದು ಕೆಟ್ಟ ಕಾರು ಎಂದು ಕೂಡಲೇ ತೀರ್ಮಾನಿಸಬೇಡಿ. ಮೂರು ಪ್ರಶ್ನೆ ಕೇಳಿ. ಒಂದು, ಎರಡೂ ಒಂದೇ ವಯಸ್ಸಿನವೇ, ಒಂದೇ ಅಷ್ಟು ದೂರ ಓಡಿದವೇ? ಎರಡು, ಮಾಲೀಕರು ತಪಾಸಣೆಗೆ ಮೊದಲು ಗ್ಯಾರೇಜಿಗೆ ಒಯ್ದು ಸರಿಮಾಡಿಸಿದ್ದರೇ? ದುಬಾರಿ ಕಾರಿನವರು ಹಾಗೆ ಮಾಡಿಸುತ್ತಾರೆ, ಅಗ್ಗದ ಸಣ್ಣ ಕಾರಿನವರು ಎಷ್ಟೋ ಸಲ ಹಾಗೆಯೇ ಒಯ್ಯುತ್ತಾರೆ. ಆಗ ಫಲಿತಾಂಶ ಹೇಳುವುದು ಕಾರಿನ ಗುಣವನ್ನಷ್ಟೇ ಅಲ್ಲ, ಮನೆಯವರ ಆರೈಕೆಯನ್ನೂ. ಮೂರು, ಪರೀಕ್ಷೆಗೆ ಬಾರದೇ ಹೋದವು ಎಷ್ಟು? ಗುಜರಿಗೆ ಹೋದ ಕಾರು ಫೇಲಾಗುವುದಿಲ್ಲ. ಗಟ್ಟಿಮುಟ್ಟಾದವು ಮಾತ್ರ ಉಳಿದು ಪರೀಕ್ಷೆಗೆ ಬಂದರೆ ಇಡೀ ಮಾದರಿಯೇ ಒಳ್ಳೆಯದೆಂದು ತೋರುತ್ತದೆ. ಅಂಕಿಅಂಶ ಓದುವ ಈ ಪಾಠ ಕಾರಿಗಷ್ಟೇ ಅಲ್ಲ, ನಿಮ್ಮ ಪರೀಕ್ಷೆಯ ಫಲಿತಾಂಶಕ್ಕೂ ಹೊಂದುತ್ತದೆ.

ಇನ್ನೊಂದು ಮಿತಿಯನ್ನೂ ಮರೆಯಬಾರದು. ತಪಾಸಣೆಯಲ್ಲಿ ಪಾಸಾದ ಕಾರು, ಹೊಸದಿದ್ದಾಗ ಹೇಗಿತ್ತೋ ಅದಕ್ಕೆ ಹತ್ತಿರವಾಗಿದೆ ಎಂದು ಮಾತ್ರ ಅರ್ಥ. ಡಿಕ್ಕಿಯಾದರೆ ಒಳಗಿನವರನ್ನು ಎಷ್ಟು ಕಾಪಾಡುತ್ತದೆ ಎಂಬುದು ರಚನೆಗೆ ಸಂಬಂಧಿಸಿದ ಮಾತು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಏರ್‌ಬ್ಯಾಗಿಲ್ಲದ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಅದಕ್ಕೂ ಹಿಂದಿನ ಸಣ್ಣ ಕಾರಿಗೆ ಸೀಟ್ ಬೆಲ್ಟು ಮತ್ತು ಮಿತವೇಗವೇ ಕಾವಲು.

ಹಾಗಾದರೆ ನೀವು ಏನು ಮಾಡಬಹುದು? ನಿಮಗೆ ಕಾರು ಓಡಿಸುವ ವಯಸ್ಸಾಗಿರಲಿಕ್ಕಿಲ್ಲ. ನೋಡಲು ವಯಸ್ಸು ಬೇಕಿಲ್ಲ. ತಿಂಗಳಿಗೊಮ್ಮೆ, ಸಮತಟ್ಟಾದ ಜಾಗದಲ್ಲಿ ಕಾರು ನಿಂತಿರುವಾಗ, ಹಿರಿಯರನ್ನು ಜೊತೆಗೆ ಕರೆದುಕೊಂಡು ಹತ್ತು ನಿಮಿಷ ಕೊಡಿ.

ಟೈರಿನ ಗೆರೆಗಳ ಆಳ ನೋಡಿ. ಕಾರಿಗೆ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ, ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಿಸುವ ಕಾಲ ಬಂತು. ಪಕ್ಕದಲ್ಲಿ ಬಿರುಕಿದೆಯೇ ನೋಡಿ. ಒಬ್ಬರು ಒಳಗೆ ಕೂತು ಬ್ರೇಕು ಒತ್ತಲಿ, ನೀವು ಹಿಂದೆ ದೂರ ನಿಂತು ಎರಡೂ ಕೆಂಪು ದೀಪ ಹತ್ತುತ್ತವೆಯೇ ನೋಡಿ. ಹೆಡ್‌ಲೈಟು, ಇಂಡಿಕೇಟರು, ವೈಪರು, ಹಾರನ್ನು ನೋಡಿ. ಬ್ರೇಕ್ ಆಯಿಲ್ ಡಬ್ಬಿಯ ಗೆರೆಗಿಂತ ಕೆಳಗಿಳಿದಿದ್ದರೆ ಸುಮ್ಮನೆ ತುಂಬಿಸಬೇಡಿ, ಏಕೆ ಇಳಿಯಿತೆಂದು ಮೆಕ್ಯಾನಿಕ್ಕಿನವರನ್ನು ಕೇಳಿ. ಪೆಡಲು ಮೊದಲಿಗಿಂತ ಕೆಳಗೆ ಹೋಗುತ್ತಿದೆಯೇ, ಬ್ರೇಕು ಹಿಡಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆಯೇ ಎಂದು ಓಡಿಸುವವರನ್ನು ಕೇಳಿ. ಕಾರಿನ ಕೆಳಗೆ ಮಾತ್ರ ನುಸುಳಬೇಡಿ. ಅದು ಗ್ಯಾರೇಜಿನವರ ಕೆಲಸ.

ಮತ್ತೆ ದೇವಸುಗೂರಿನ ಆ ಮನೆಗೆ ಬರೋಣ. ಯಜಮಾನರು ಸಿಟ್ಟಿನಲ್ಲೇ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ಕು ಹಿಂದಿನ ಚಕ್ರ ಬಿಚ್ಚಿ, ಸವೆದುಹೋದ ಲೈನಿಂಗನ್ನು ಅವರ ಅಂಗೈಮೇಲೆ ಇಟ್ಟರು. ಕಾಗದದಷ್ಟು ತೆಳುವಾಗಿತ್ತು. ಹಿಂದಿನ ಭಾನುವಾರವಷ್ಟೇ ಮನೆಯ ಐದು ಜನ ಅದೇ ಬ್ರೇಕಿನ ಮೇಲೆ ನಂಬಿಕೆಯಿಟ್ಟು ಮಾನ್ವಿಗೆ ಹೋಗಿಬಂದಿದ್ದರು. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡೂ ಕಡೀದು ಹೊಸದು ಹಾಕಪಾ, ಟೈರೂ ನೋಡು" ಎಂದರು.

ಆ ಕಾರು ಆಗಲೂ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಶುರುವಾಗುತ್ತಿತ್ತು. ಈಗ ಬೇಕಾದಾಗ ನಿಲ್ಲುತ್ತದೆ ಕೂಡ. ನಿಮ್ಮ ಮನೆಯ ಕಾರು ಒಂದು ದಿನವೂ ಕೈಕೊಟ್ಟಿಲ್ಲವೆಂದು ಯಾರಾದರೂ ಹೇಳಿದರೆ, ಸಂತೋಷಪಡಿ. ಆಮೇಲೆ ಮೆಲ್ಲಗೆ ಕೇಳಿ: ಬ್ರೇಕು ಬಿಚ್ಚಿ ನೋಡಿಸಿದ್ದು ಯಾವಾಗ?