ಹಳೆಯ ಗಣಕಯಂತ್ರವೂ ಹೊಸ ವ್ಯವಹಾರವೂ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವ್ಯಾಪಾರ ಸಂಸ್ಥೆಯೊಂದರ ಹಳೆಯ ಗಣಕಯಂತ್ರವನ್ನು, ಅದಕ್ಕೆ ಸರಕು ಪೂರೈಸುವವರ ಹೊಸ ಯಂತ್ರದೊಡನೆ ಮಾತನಾಡಿಸುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ನಾವು ಇಚ್ಛಿಸುತ್ತೇವೆ. ವಿಷಯವು ಶುಷ್ಕವೆಂದು ತೋರಬಹುದು. ಆದರೆ ಮನೆಯಲ್ಲಿ ಒಂದು ನುಡಿಯನ್ನೂ ಕಚೇರಿಯಲ್ಲಿ ಇನ್ನೊಂದು ನುಡಿಯನ್ನೂ ಬಳಸಿ ಬಾಳುವ ಗಡಿನಾಡಿನವರಿಗೆ ಇದರ ತಿರುಳು ಅಪರಿಚಿತವಲ್ಲ.

ಐಬಿಎಂ ಸಂಸ್ಥೆಯು 1988ರಲ್ಲಿ ಎಎಸ್/400 ಎಂಬ ಯಂತ್ರವನ್ನು ಹೊರತಂದಿತು. ಅಂಗಡಿ, ಉಗ್ರಾಣ, ಕಾರ್ಖಾನೆಗಳ ಲೆಕ್ಕಪತ್ರಕ್ಕೆ ಹೇಳಿ ಮಾಡಿಸಿದಂತಹ ಯಂತ್ರವದು. ಅದರ ಪ್ರೋಗ್ರಾಂಗಳನ್ನು ಬಹುಮಟ್ಟಿಗೆ ಬರೆದದ್ದು 1959ರಲ್ಲಿ ಹುಟ್ಟಿದ ಆರ್‌ಪಿಜಿ ಭಾಷೆಯಲ್ಲಿ. 1995ರಲ್ಲಿ ಯಂತ್ರದ ಒಳಗಿನ ಪ್ರೊಸೆಸರು ಬದಲಾಯಿತು. ಹೆಸರೂ ಹಲವು ಬಾರಿ ಬದಲಾಗಿ, 2008ರಿಂದ ಅದರ ಕಾರ್ಯವ್ಯವಸ್ಥೆಗೆ ಐಬಿಎಂ ಐ ಎಂದು ಹೆಸರಾಗಿದೆ. ಆದರೂ ಹಿಂದೆ ಬರೆದ ಅನೇಕ ಪ್ರೋಗ್ರಾಂಗಳು ಇಂದಿಗೂ ನಡೆಯುತ್ತಿವೆ. ಹಳತನ್ನು ಕಿತ್ತೊಗೆಯಿರೆಂದು ಹೇಳುವುದು ಸುಲಭ. ಯಾವ ಗಿರಾಕಿಗೆ ಎಷ್ಟು ಸೋಡಿ, ಯಾರಿಗೆ ಎಷ್ಟು ದಿನದ ಕಡ ಎಂಬ ವಹಿವಾಟಿನ ಕಟ್ಟಳೆಗಳೆಲ್ಲ ಅವುಗಳಲ್ಲಿಯೇ ಅಡಗಿವೆ, ಬರೆದವರು ನಿವೃತ್ತರಾಗಿರುತ್ತಾರೆ. ಯಂತ್ರವನ್ನು ಒಗೆದರೆ ಸಂಸ್ಥೆಯ ನೆನಪನ್ನೇ ಒಗೆದಂತಾದೀತು.

ಇತ್ತ ಸರಕಿನವರು, ದಾಸ್ತಾನು ಎಷ್ಟಿದೆ, ಬೇಡಿಕೆ ಎಷ್ಟು ಎಂಬುದನ್ನು ಆ ಕ್ಷಣದಲ್ಲಿಯೇ ತಿಳಿಸಬೇಕೆನ್ನುತ್ತಾರೆ. ಇದಕ್ಕೊಂದು ದಾರಿಯೇ ಸಾಕೆಟ್. ಬರ್ಕ್ಲಿ ವಿಶ್ವವಿದ್ಯಾನಿಲಯದವರು 1983ರಲ್ಲಿ ಹೊರತಂದ 4.2 ಬಿಎಸ್‌ಡಿ ಯೂನಿಕ್ಸಿನ ಮೂಲಕ ಇದು ಬಳಕೆಗೆ ಬಂದಿತು. ಯಂತ್ರದ ವಿಳಾಸವು ಮನೆಯಿದ್ದಂತೆ. 65535ರವರೆಗಿನ ಪೋರ್ಟ್ ಸಂಖ್ಯೆಯು ಅದರ ಬಾಗಿಲಿದ್ದಂತೆ. ಸಾಕೆಟ್ ತೆರೆಯುವುದು, ಆ ಬಾಗಿಲಿಗೆ ಸಂಪರ್ಕ ಬೆಳೆಸುವುದು, ಕಳುಹಿಸುವುದು, ಪಡೆಯುವುದು, ಮುಚ್ಚುವುದು: ಕೆಲಸ ಇಷ್ಟೇ. ಆರ್‌ಪಿಜಿ ಪ್ರೋಗ್ರಾಮೂ ಈ ಕರೆಗಳನ್ನು ಮಾಡಬಲ್ಲುದು. ಆದರೆ ದಾರಿಯಾದ ಮಾತ್ರಕ್ಕೆ ಮಾತುಕತೆಯಾಗದು. ತೊಡಕುಗಳು ಮೂರು.

ಮೊದಲನೆಯದು ಲಿಪಿಯ ತೊಡಕು. ಹಳೆಯ ಯಂತ್ರವು ಎಬ್ಸಿಡಿಕ್ ಸಂಕೇತದಲ್ಲಿ ಬರೆಯುತ್ತದೆ. ಹೊಸದು ಸಾಮಾನ್ಯವಾಗಿ ಆಸ್ಕಿ ಅಥವಾ ಅದನ್ನು ಒಳಗೊಂಡ ಸಂಕೇತವನ್ನು ಓದುತ್ತದೆ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ಅಲ್ಲಿ 193, ಇಲ್ಲಿ 65. ಒಂದು ಎಂಬ ಅಂಕಿಗೆ ಅಲ್ಲಿ 241, ಇಲ್ಲಿ 49. ಅಕ್ಷರಗಳನ್ನು ಕೋಷ್ಟಕದ ನೆರವಿನಿಂದ ಬದಲಾಯಿಸಬಹುದು. ಹಣದ ಮೊತ್ತವನ್ನಾದರೋ ಹಳೆಯ ಯಂತ್ರವು ಬೈಟಿಗೆ ಎರಡು ಅಂಕಿಯಂತೆ ಒತ್ತಿ ತುಂಬಿ, ಕೊನೆಯ ಅರ್ಧದಲ್ಲಿ ಕೂಡು-ಕಳೆ ಚಿಹ್ನೆಯನ್ನಿಡುತ್ತದೆ. ಅದನ್ನು ಅಕ್ಷರವೆಂದೆಣಿಸಿ ಬದಲಾಯಿಸಿದರೆ ಲೆಕ್ಕವೇ ಕೆಡುವುದು. ಮೊದಲು ಬಿಡಿ ಅಂಕಿಗಳಾಗಿ ಬರೆದುಕೊಂಡು ಬಳಿಕವೇ ಲಿಪ್ಯಂತರ ಮಾಡತಕ್ಕದ್ದು.

ಎರಡನೆಯದು ಎಲ್ಲೆಯ ತೊಡಕು. ಸಾಕೆಟ್ಟಿನ ಕೆಳಗಿರುವ ಟಿಸಿಪಿ ನಿಯಮವು ಬೈಟುಗಳನ್ನು ಅನುಕ್ರಮವಾಗಿ ತಲುಪಿಸುತ್ತದೆಯೇ ಹೊರತು, ಒಂದು ಸಂದೇಶ ಎಲ್ಲಿ ಮುಗಿಯಿತೆಂದು ಹೇಳುವುದಿಲ್ಲ. ಒಮ್ಮೆಗೆ ಕಳುಹಿಸಿದ್ದು ಮೂರು ತುಂಡಾಗಿ ಬರಬಹುದು. ಎರಡು ಸಂದೇಶಗಳು ಅಂಟಿಕೊಂಡು ಬರಬಹುದು. ಪದಗಳ ನಡುವೆ ತೆರಪಿಲ್ಲದ ತಾಳೆಯೋಲೆಯನ್ನು ಓದಿದವರು ಈ ಕಷ್ಟವನ್ನು ಬಲ್ಲರು. ಆದಕಾರಣ ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು, ‘0240’ ಎಂಬಂತೆ ನಾಲ್ಕಂಕಿಗಳಲ್ಲಿ ಬರೆಯಬಹುದು. ಅಷ್ಟು ಬೈಟುಗಳು ಕೈಸೇರುವತನಕ ಓದುತ್ತಲೇ ಇರಬೇಕು.

ಮೂರನೆಯದು ಮೌನದ ತೊಡಕು. ಇದೇ ಅತ್ಯಂತ ಕಠಿನವಾದುದು. ನೂರು ಮೂಟೆಗಳಿಗೆ ಬೇಡಿಕೆ ಹೋಯಿತು, ಉತ್ತರ ಬರಲಿಲ್ಲ. ಬೇಡಿಕೆಯೇ ತಲುಪಲಿಲ್ಲವೋ, ತಲುಪಿದ ಮೇಲೆ ಉತ್ತರವು ದಾರಿಯಲ್ಲಿ ಕಳೆಯಿತೋ? ಕಳುಹಿಸಿದವನಿಗೆ ತಿಳಿಯುವ ಬಗೆಯಿಲ್ಲ. ಮತ್ತೆ ಕಳುಹಿಸಿದರೆ ಇನ್ನೂರು ಮೂಟೆ ಬಂದು ಬೀಳಬಹುದು. ಸುಮ್ಮನಿದ್ದರೆ ಅಂಗಡಿ ಬರಿದಾಗಬಹುದು. ಪರಿಹಾರವು ನಮ್ಮ ಹಳೆಯ ಖಾತೆಕೀರ್ದಿಯ ಶಿಸ್ತೇ ಆಗಿದೆ. ಪ್ರತಿ ಬೇಡಿಕೆಗೂ ಮರುಕಳಿಸದ ಒಂದು ಸಂಖ್ಯೆ, ಕಳುಹಿಸುವ ಮುನ್ನ ನಮ್ಮಲ್ಲಿ ದಾಖಲೆ, ಕಾಯುವುದಕ್ಕೊಂದು ಕಾಲಮಿತಿ, ಅದು ಮೀರಿದರೆ ಅದೇ ಸಂಖ್ಯೆಯೊಡನೆ ಮತ್ತೊಮ್ಮೆ ಕಳುಹಿಸುವುದು. ಆ ಸಂಖ್ಯೆಯನ್ನು ಹಿಂದೆಯೇ ಕಂಡಿದ್ದರೆ ಎದುರಿನ ಯಂತ್ರವು ಹೊಸದಾಗಿ ಸರಕು ಕಳುಹಿಸದೆ, ಮೊದಲಿನ ಉತ್ತರವನ್ನೇ ಮರಳಿಸಬೇಕು.

ಬರಿಯ ಸಾಕೆಟ್ಟಿಗೆ ಗುಟ್ಟು ಕಾಯುವ ಗುಣವಿಲ್ಲ. ಸಾರ್ವಜನಿಕ ಜಾಲದಲ್ಲಿ ಹೋಗುವ ಸಂದೇಶಕ್ಕೆ ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆಯೂ ಬೇಕೆಂಬುದನ್ನು ಮರೆಯಲಾಗದು.

ವಿದ್ಯಾರ್ಥಿ ಮಿತ್ರರೇ, ಈ ಮೂರು ತೊಡಕುಗಳೂ ಯಂತ್ರವು ಹಳತಾದುದರಿಂದಲೇ ಹುಟ್ಟಿದವಲ್ಲ. ಎರಡನೆಯದೂ ಮೂರನೆಯದೂ ಹೊಸ ಯಂತ್ರಗಳೆರಡರ ನಡುವೆಯೂ ಇದ್ದೇ ಇರುತ್ತವೆ. ಆದ್ದರಿಂದ ಪ್ರೋಗ್ರಾಮಿನ ಮೊದಲ ಸಾಲಿಗಿಂತ ಮುಂಚೆ ಇಬ್ಬರೂ ಕುಳಿತು ಯಾವ ಲಿಪಿ, ಎಷ್ಟು ಉದ್ದ, ಉತ್ತರ ಬಾರದಿದ್ದರೆ ಏನು ಎಂಬುದನ್ನು ಕಾಗದದ ಮೇಲೆ ಬರೆದು ಒಪ್ಪಿಕೊಳ್ಳಬೇಕು. ಎರಡು ಕಡೆಯ ಮಾತನ್ನೂ ತಾಳ್ಮೆಯಿಂದ ಕೇಳಬಲ್ಲವರಿಗೆ ಈ ಕೆಲಸ ಒಗ್ಗುತ್ತದೆ. ಎರಡು ನುಡಿಗಳ ನಡುವೆ ಬೆಳೆದ ನಿಮ್ಮಲ್ಲಿ ಆ ಅಭ್ಯಾಸವು ಆಗಲೇ ಇದೆ. ಅದನ್ನು ವಿದ್ಯೆಯಿಂದ ಹದಗೊಳಿಸಿಕೊಳ್ಳಿರಿ ಎಂದು ಹಾರೈಸುತ್ತೇವೆ.