ಅಪ್ಪಿಕೋ



ಕನ್ನಡದ ಒಂದು ಕ್ರಿಯಾಪದವನ್ನು ಹಿಡಿದುಕೊಂಡು ಇಂದಿನ ಮಾತನ್ನು ಪ್ರಾರಂಭಿಸುತ್ತೇನೆ. ಅದು 'ಅಪ್ಪಿಕೋ' ಎಂಬ ಪದ. 1983ನೆಯ ಇಸವಿಯವರೆಗೆ ಅದು ತಾಯಿ ಮಗುವಿಗೆ, ಅಜ್ಜಿ ಮೊಮ್ಮಗನಿಗೆ ಹೇಳುವ ಮನೆಯ ಮಾತಾಗಿತ್ತು. ಆ ವರ್ಷದ ಸೆಪ್ಟೆಂಬರ್ ತಿಂಗಳಿನಿಂದೀಚೆಗೆ ಅದೊಂದು ಚಳವಳಿಯ ಹೆಸರಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯ ಒಂದು ಮೂಲೆಯಲ್ಲಿ ಹುಟ್ಟಿದ ಈ ಮಾತನ್ನು ಇಂದು ದೇಶವಿದೇಶಗಳ ಪಂಡಿತರು ತಮ್ಮ ಗ್ರಂಥಗಳಲ್ಲಿ ಅನುವಾದಿಸದೆ, ಕನ್ನಡದಲ್ಲಿದ್ದಂತೆಯೇ ಬರೆಯುತ್ತಾರೆ. ಇಂಥ ಭಾಗ್ಯ ಎಲ್ಲ ಪದಗಳಿಗೂ ಬರುವುದಿಲ್ಲ.

ಈ ಹೆಸರಿಗೆ ಪ್ರೇರಣೆ ಹಿಮಾಲಯದಿಂದ ಬಂದುದು. ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆಯ ಮಂಡಲ್ ಎಂಬಲ್ಲಿ 1973ರ ಏಪ್ರಿಲಿನಲ್ಲಿ ಹಳ್ಳಿಗರು ಮರಗಳ ರಕ್ಷಣೆಗೆ ನಿಂತರು. ಅವರು ಬೇಸಾಯದ ಉಪಕರಣಗಳಿಗಾಗಿ ಕೇಳಿದಾಗ ಕೊಡದಿದ್ದ ಮರಗಳನ್ನು ಆಟದ ಸಾಮಾನು ಮಾಡುವ ಕಂಪೆನಿಗೆ ಕೊಡಲಾಗಿತ್ತು. ಮರುವರ್ಷ ಮಾರ್ಚ್ 26ರಂದು ರೇಣಿ ಗ್ರಾಮದಲ್ಲಿ, ಗಂಡಸರು ಊರಲ್ಲಿಲ್ಲದ ಹೊತ್ತಿನಲ್ಲಿ, ಗೌರಾದೇವಿ ಎಂಬ ಹಳ್ಳಿಯ ಹೆಂಗಸು ಊರ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕೊಡಲಿಗಳನ್ನು ಹಿಂದಿರುಗಿಸಿದಳು. ಅದೇ 'ಚಿಪ್ಕೋ' ಚಳವಳಿ.

ವ್ಯಾಕರಣ ಪಾಠ ಹೇಳುವವನಿಗೆ ಇಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಹಿಂದಿಯ 'ಚಿಪಕ್‌ನಾ' ಎಂದರೆ ಅಂಟಿಕೊಳ್ಳುವುದು. 'ಚಿಪ್ಕೋ' ಎಂಬುದು ಅದರ ವಿಧಿರೂಪ. ಅಲ್ಲಿಯ ಕಕಾರ ಧಾತುವಿನದೇ. ನಮ್ಮ 'ಅಪ್ಪಿಕೋ'ದಲ್ಲಿ 'ಅಪ್ಪು' ಧಾತು, 'ಕೋ' ಎಂಬುದು 'ಕೊಳ್ಳು' ಎಂಬ ಬೇರೆ ಧಾತುವಿನ ವಿಧಿರೂಪ. ಕಿವಿಗೆ ಎರಡೂ ಒಂದೇ ಆದರೂ ಹುಟ್ಟು ಬೇರೆ. ಕನ್ನಡದಲ್ಲಿ ಈ 'ಕೊಳ್ಳು' ಬಂದು ಸೇರಿದರೆ ಕ್ರಿಯೆಯ ಫಲ ಮಾಡಿದವನಿಗೇ ತಗಲುತ್ತದೆ. ಬಡಿಸು ಎಂದರೆ ಇನ್ನೊಬ್ಬರ ಎಲೆಗೆ, ಬಡಿಸಿಕೊ ಎಂದರೆ ನಿನ್ನ ಎಲೆಗೆ. ಅಪ್ಪಿಕೋ ಎಂದಾಗಲೂ ಹಾಗೆಯೇ. ಮರ ಉಳಿಯಲಿ, ಅದರ ಜೊತೆಗೆ ನೀನೂ ಉಳಿ. ಮರದ ಹೊಣೆಯನ್ನು ನಿನ್ನ ಮೈಮೇಲೆ ತೆಗೆದುಕೊ ಎಂಬ ಅರ್ಥ ಅದರಲ್ಲಿ ತಾನಾಗಿ ಅಡಗಿದೆ. ಹೆಸರಿಟ್ಟವರು ಇಷ್ಟೆಲ್ಲ ವಿಚಾರಿಸಿ ಇಟ್ಟರೆಂದು ನಾನು ಹೇಳಲಾರೆ. ಆದರೆ ಚಳವಳಿಯ ಮುಂದಿನ ನಡೆ ಈ ಪ್ರತ್ಯಯಕ್ಕೆ ತಕ್ಕುದಾಗಿತ್ತೇ ಎಂಬ ಪ್ರಶ್ನೆಯನ್ನು ಕೇಳಬಹುದು.

ಘಟ್ಟದ ಮೇಲಿನ ಜೀವನವನ್ನು ಕಾಣದವರಿಗೆ ಕಾಡು ಎಂದರೆ ನೋಟ. ಅಲ್ಲಿಯವರಿಗೆ ಅದು ಬದುಕಿನ ಬೇರು. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಲು ದರಕು ಬೇಕು. ಅದೇ ಕಳಿತು ಗೊಬ್ಬರವಾಗಿ ತೋಟಕ್ಕೆ ಹೋಗಬೇಕು. ಇದಕ್ಕಾಗಿಯೇ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಈ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಬಂದಿದೆ. ತೋಟವಿಲ್ಲದವರಿಗೂ ಕಾಡು ಬೇಕು. ಬಿದಿರು ಇದ್ದರೆ ಬುಟ್ಟಿ ಹೆಣೆಯುವವನ ಮನೆಯಲ್ಲಿ ಒಲೆ ಉರಿಯುತ್ತದೆ. ಮುರುಗಲು, ಉಪ್ಪಾಗೆ, ವಾಟೆ, ಜೇನು ಇವೆಲ್ಲ ಬಡವನ ಸಂತೆಯ ಕಾಸು. ಕಾನಿನ ನೆರಳಿದ್ದರೆ ಬೇಸಗೆಯಲ್ಲಿಯೂ ಹಳ್ಳದಲ್ಲಿ ನೀರು ಹರಿಯುತ್ತದೆ.

ಸ್ವಾತಂತ್ರ್ಯದ ಅನಂತರ ಈ ಕಾಡಿನ ಮೇಲೆ ಬೇರೆ ಬೇರೆ ಬೇಡಿಕೆಗಳು ಬಂದವು. ಕಾಗದದ ಗಿರಣಿಗೆ ಬಿದಿರು, ಪ್ಲೈವುಡ್ಡಿಗೆ ಮೆತ್ತನೆಯ ದೊಡ್ಡ ಮರಗಳು, ರೈಲುದಾರಿಗೆ ಹಲಗೆ, ವಿದ್ಯುತ್ತಿಗಾಗಿ ಶರಾವತಿ ಮತ್ತು ಕಾಳಿ ನದಿಗಳ ಕಣಿವೆಗಳು. ಸಹಜವಾದ ಮಿಶ್ರ ಕಾಡನ್ನು ತೆಗೆದು ಸಾಗವಾನಿಯ ನೆಡುತೋಪುಗಳನ್ನು ಮಾಡಲಾಯಿತು. ಸಾಗವಾನಿ ಬೆಲೆಯುಳ್ಳ ಮರವೆಂಬುದು ನಿಜ. ಆದರೆ ಅದೊಂದೇ ಇರುವ ತೋಪಿನಲ್ಲಿ ಹಳ್ಳಿಯವನು ಕೊಯ್ಯುವ ಹಣ್ಣಿಲ್ಲ, ಹೆಣೆಯುವ ಬಿದಿರಿಲ್ಲ. 1952ರ ರಾಷ್ಟ್ರೀಯ ಅರಣ್ಯ ನೀತಿಯು ಕಾಡಿನ ನೆರೆಯ ಹಳ್ಳಿಗಳ ಉಪಯೋಗವು ರಾಷ್ಟ್ರದ ಹಿತಕ್ಕೆ ಅಡ್ಡಬರಕೂಡದೆಂದು ಹೇಳಿತ್ತು. ರಾಷ್ಟ್ರದ ಹಿತ ಮತ್ತು ಹಳ್ಳಿಯ ಹಿತ ಎರಡೂ ಬೇರೆ ಬೇರೆ ಎಂಬ ಭಾವನೆ ಹೀಗೆ ಕಾಗದದ ಮೇಲೆಯೇ ಬಂದುಬಿಟ್ಟಿತು.

ಈ ಜಿಲ್ಲೆಯ ಜನ ಹೋರಾಟಕ್ಕೆ ಹೊಸಬರಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯದೆಯನ್ನು ಮುರಿದವರು ಇವರೇ. 1932ರಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರ ಕೊಡದೆ ಹೊಲ ಮನೆ ಕಳೆದುಕೊಂಡವರೂ ಇವರೇ. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಸಿದ್ದಾಪುರ ಸೀಮೆಯ ಹೆಣ್ಣುಮಕ್ಕಳು ಉಪವಾಸ ಕುಳಿತ ಸಂಗತಿಯನ್ನು ಹಿರಿಯರು ಹೇಳುತ್ತಿದ್ದರು. ಮುಂದೆ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಜನ ಬೇರೊಂದು ಬಗೆಯ ಧೈರ್ಯವನ್ನು ತೋರಿದರು. ಶಿರಸಿಯ ತೋಟಗಾರರ ಸಹಕಾರಿ ಸಂಘವು 1981ರಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಯಿಸಿ, ಯೋಜನೆಯ ಲಾಭ ನಷ್ಟಗಳನ್ನು ಬಹಿರಂಗವಾಗಿ ಲೆಕ್ಕ ಹಾಕಿಸಿತು. ಮುಳುಗುವ ತೋಟ, ಗದ್ದೆ, ಕಾಡುಗಳಿಗೆ ಸರಿಯಾದ ಬೆಲೆ ಕಟ್ಟಿದರೆ ಲಾಭವೆಂಬುದು ಎಲ್ಲಿ ಉಳಿಯುತ್ತದೆ ಎಂದು ರೈತರೇ ಕೇಳಿದರು. ಆ ಯೋಜನೆ ನಿಂತಿತು. ಬರಿಯ ಕೂಗಿನಿಂದ ಆಗದ ಕೆಲಸ ಲೆಕ್ಕದಿಂದ ಆಗಬಹುದೆಂಬ ಪಾಠವನ್ನು ಘಟ್ಟದವರು ಅಲ್ಲಿ ಕಲಿತರು.

ಇಷ್ಟು ಹಿನ್ನೆಲೆಯಿಂದ ಸಾಲ್ಕಣಿಯ ಸಂಗತಿಗೆ ಬರೋಣ. ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರು ಈ ಸೀಮೆಗೆ ಬಂದು ಜನರೊಡನೆ ಮಾತನಾಡಿದ್ದರು. ಅವರೊಡನೆ ಕೆಲಸಮಾಡಿ ಬಂದ ಪಾಂಡುರಂಗ ಹೆಗಡೆಯವರು ಊರೂರು ತಿರುಗುತ್ತಿದ್ದರು. ಹಳ್ಳಿಗಳ ಯುವಕ ಮಂಡಳಿಗಳು ಅರಣ್ಯ ಇಲಾಖೆಗೆ ಮನವಿಗಳನ್ನು ಬರೆದಿದ್ದವು. ಮನವಿಗೆ ಉತ್ತರ ಬರಲಿಲ್ಲ, ಕೊಡಲಿ ಬಂದಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಮತ್ತು ನೆರೆಯ ಹಳ್ಳಿಗಳ ಹೆಂಗಸರು, ಗಂಡಸರು, ಮಕ್ಕಳು ನೂರಕ್ಕೂ ಹೆಚ್ಚು ಮಂದಿ ಕಳಸೆಯ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಮಳೆ ಇನ್ನೂ ಪೂರ್ತಿ ಹೋಗಿರದ ಕಾಲ. ಘಟ್ಟದ ಕಾಡಿನಲ್ಲಿ ಆಗ ಇಂಬಳದ ಕಾಟ ಹೇಗಿರುತ್ತದೆಂಬುದನ್ನು ಬಲ್ಲವರೇ ಬಲ್ಲರು. ಸರದಿಯ ಮೇಲೆ ಜನ ಹೋಗುತ್ತ ಬರುತ್ತ, ಕಾಡನ್ನು ಬಿಡದೆ ಕಾದರು. 38 ದಿನಗಳ ಮೇಲೆ ಸರಕಾರವು ಮರ ಕಡಿಯುವ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಇದು ಹೇಗೆ ಸಾಧ್ಯವಾಯಿತು? ಮೊದಲನೆಯದಾಗಿ, ಯಾರ ಮೇಲೂ ಕೈಯೆತ್ತಲಿಲ್ಲ. ಮರವನ್ನು ಅಪ್ಪಿಕೊಂಡವನ ಎರಡು ಕೈಗಳೂ ತುಂಬಿರುತ್ತವೆ, ಅವನು ಕಲ್ಲೆಸೆಯಲಾರ. ಎರಡನೆಯದಾಗಿ, ಮರ ಕಡಿಯಲು ಬಂದವನನ್ನು ವೈರಿಯೆಂದು ತಿಳಿಯಲಿಲ್ಲ. ಅವನೂ ಕೂಲಿಗಾಗಿ ಬಂದವನೇ. ಮೂರನೆಯದಾಗಿ, ಇಲ್ಲಿಯೂ ಲೆಕ್ಕ ಕೇಳಿದರು. ಎಕರೆಗೆ ಇಷ್ಟೇ ಮರವೆಂದು ಶಾಸ್ತ್ರೀಯವಾಗಿ ಆರಿಸಿ ಕಡಿಯುತ್ತೇವೆಂದು ಇಲಾಖೆಯವರ ವಾದ. ಕಡಿದದ್ದನ್ನಷ್ಟೇ ಎಣಿಸಿದರೆ ಸಾಲದು. ಒಂದು ದೊಡ್ಡ ಮರ ಉರುಳುವಾಗ ಅದರಡಿ ನುಗ್ಗಾಗುವ ಗಿಡಗಳನ್ನೂ, ದಿಮ್ಮಿ ಎಳೆಯುವ ದಾರಿಗೆ ಹೋಗುವ ಗಿಡಗಳನ್ನೂ ಎಣಿಸಿರಿ ಎಂದು ಹಳ್ಳಿಗರ ಪ್ರತಿವಾದ. ಶಾಲೆಯ ಮೆಟ್ಟಿಲನ್ನೇ ಹತ್ತದ ರೈತ ಈ ಪ್ರಶ್ನೆಯನ್ನು ಕೇಳಬಲ್ಲ. ಏಕೆಂದರೆ ಮರ ಬಿದ್ದ ಜಾಗಕ್ಕೆ ಮರುದಿನ ದನ ಹೊಡೆದುಕೊಂಡು ಹೋಗುವವನು ಅವನು.

ಚಳವಳಿ ಬೇರೆ ಕಾಡುಗಳಿಗೂ ಹಬ್ಬಿತು. ಪಾದಯಾತ್ರೆ, ಬೀದಿನಾಟಕ, ಯಕ್ಷಗಾನ ಇವು ಅದರ ವಾಹನಗಳಾದವು. ಅದರ ಸಂದೇಶವೆಲ್ಲ ಮೂರು ಮಾತುಗಳಲ್ಲಿ ಅಡಕವಾಯಿತು: ಉಳಿಸು, ಬೆಳೆಸು, ಬಳಸು. ಉಳಿಸು ಎಂಬುದು ಇನ್ನೊಬ್ಬನ ಕೊಡಲಿಯನ್ನು ತಡೆಯುವ ಮಾತು. ಬೆಳೆಸು ಎಂಬುದು ಸಸಿಮಡಿ ಮಾಡಿ, ಬೋಳು ಬೆಟ್ಟದಲ್ಲಿ ಗಿಡ ನೆಟ್ಟು ಕಾಯುವ ಮಾತು. ಮೂರನೆಯ 'ಬಳಸು' ಎಲ್ಲಕ್ಕಿಂತ ಕಷ್ಟದ್ದು. ಅದು ತನ್ನ ಕೈಯ ಕತ್ತಿಯನ್ನು ತಡೆಯುವ ಮಾತು.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಸೊಪ್ಪಿನ ಬೆಟ್ಟಗಳನ್ನು ಎಲ್ಲರೂ ಧರ್ಮದಿಂದ ನಡೆಸಿಕೊಂಡು ಬಂದಿಲ್ಲ. ವರ್ಷ ವರ್ಷವೂ ಕೊಂಬೆ ಸವರಿ, ಮರಗಳನ್ನು ಕಂಬಗಳಂತೆ ನಿಲ್ಲಿಸಿದ ಬೆಟ್ಟಗಳು ಉಂಟು. ಕಂಪೆನಿಯ ಗರಗಸಕ್ಕೆ ಬೇಡವೆಂದವರು ತಮ್ಮ ಕತ್ತಿಗೆ ಮಾತ್ರ ಹೂಂ ಎಂದರೆ ನ್ಯಾಯವೆನಿಸೀತೆ? ಇನ್ನೊಂದು ಪ್ರಶ್ನೆಯೂ ಇದೆ. ತೋಟವುಳ್ಳವನಿಗೆ ಬೆಟ್ಟದ ಹಕ್ಕು ಉಂಟು; ಒಂದು ಗುಂಟೆ ನೆಲವೂ ಇಲ್ಲದ ಕೂಲಿಯವನಿಗೆ ಏನುಂಟು? ಕೂಪಿನ ಕೆಲಸ ನಿಂತರೆ ಅವನ ದಿನಗೂಲಿಯೂ ನಿಲ್ಲುತ್ತದೆ. ಚಳವಳಿಯವರು ಈ ಪ್ರಶ್ನೆಗಳಿಗೆ ತಕ್ಕಮಟ್ಟಿಗೆ ಕಿವಿಗೊಟ್ಟರು. ಸೌದೆ ಕಡಿಮೆ ತಿನ್ನುವ ಅಸ್ತ್ರ ಒಲೆಗಳನ್ನೂ ಗೋಬರ್ ಗ್ಯಾಸನ್ನೂ ಮನೆಮನೆಗೆ ಪರಿಚಯಿಸಿದರು. ಮರದ ಬುಡಕ್ಕೆ ಕೈಹಾಕದೆ ಹಣ್ಣು, ಬೀಜ, ಜೇನುಗಳಿಂದ ಸಂಪಾದಿಸುವ ದಾರಿಯನ್ನು ಹೇಳಿದರು. ಎಲ್ಲವೂ ಸರಿಹೋಯಿತೆಂದಲ್ಲ. ಆದರೂ ಬಳಸು ಎಂಬ ಮಾತನ್ನು ಘೋಷಣೆಯೊಳಗೇ ಸೇರಿಸಿದ್ದು ದೊಡ್ಡ ಮನಸ್ಸು. ತನ್ನನ್ನೂ ಕಟ್ಟಿಹಾಕುವ ಘೋಷಣೆಯನ್ನು ಕೂಗುವ ಮೆರವಣಿಗೆಗಳು ಲೋಕದಲ್ಲಿ ಕಡಿಮೆ.

ಇದೇ ಪ್ರತ್ಯಯದ ಇನ್ನೊಂದು ಹೋರಾಟ ಬಯಲುಸೀಮೆಯ ಅಂಚಿನಲ್ಲಿ ನಡೆಯಿತು. ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ, 1987ರ ನವೆಂಬರ್ 14ರಂದು ಹಳ್ಳಿಗರು 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವನ್ನು ಹೂಡಿದರು. ರೇಯಾನ್ ಗಿರಣಿಗೆ ಬೇಕಾದ ನೀಲಗಿರಿಯನ್ನು ಬೆಳೆಸಲೆಂದು ಸರಕಾರ ಮತ್ತು ಖಾಸಗಿಯವರು ಕೂಡಿ ಕಟ್ಟಿದ ಕಂಪೆನಿಗೆ ಸುಮಾರು 75,000 ಎಕರೆ ನೆಲವನ್ನು ಗೇಣಿಗೆ ಕೊಡುವ ಏರ್ಪಾಡಾಗಿತ್ತು. ಆ ನೆಲ ಹಳ್ಳಿಗಳ ದನ ಮೇಯುವ, ಸೌದೆ ಆಯುವ ನೆಲ. ಜನ ಸಾಂಕೇತಿಕವಾಗಿ ಕೆಲವು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಗಿಡಗಳನ್ನು ಹಚ್ಚಿದರು. ಒಂದು ಕೈ ಕಿತ್ತರೆ ಇನ್ನೊಂದು ಕೈ ನೆಟ್ಟಿತು. ಜೊತೆಗೆ ನ್ಯಾಯಾಲಯದ ದಾರಿಯನ್ನೂ ಹಿಡಿದರು. ಶಿವರಾಮ ಕಾರಂತರಂಥ ಹಿರಿಯರು ಸುಪ್ರೀಮ್ ಕೋರ್ಟಿಗೆ ಅರ್ಜಿದಾರರಾದರು. 1991ರಲ್ಲಿ ಆ ಕಂಪೆನಿಯನ್ನು ಮುಚ್ಚಲಾಯಿತು.

ಇವುಗಳ ಫಲವೇನು? ಪಶ್ಚಿಮ ಘಟ್ಟದ ಸಹಜ ಕಾಡುಗಳಲ್ಲಿ ವ್ಯಾಪಾರಕ್ಕಾಗಿ ಹಸಿಮರ ಕಡಿಯುವುದನ್ನು ಮುಂದಿನ ವರ್ಷಗಳಲ್ಲಿ ನಿಲ್ಲಿಸಲಾಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಪರಿಸರದ ಸಮತೋಲನವೇ ಮೊದಲು, ಹಣದ ಲಾಭ ಆಮೇಲೆ ಎಂದು ಹೇಳಿತು. 1993ರಿಂದ ಕರ್ನಾಟಕದಲ್ಲಿ ಗ್ರಾಮ ಅರಣ್ಯ ಸಮಿತಿಗಳು ಬಂದವು. 2006ರಲ್ಲಿ ಅರಣ್ಯ ಹಕ್ಕುಗಳ ಕಾಯದೆ ಬಂದಿತು. ಇವೆಲ್ಲವೂ ಸಾಲ್ಕಣಿಯೊಂದರಿಂದಲೇ ಆದವೆಂದು ಹೇಳಿದರೆ ಅತಿಶಯೋಕ್ತಿ ಅಲಂಕಾರವಾದೀತು. ಆದರೆ 1952ರ ಮಾತಿಗೂ 1988ರ ಮಾತಿಗೂ ನಡುವೆ ಮಂಡಲ್, ರೇಣಿ, ಸಾಲ್ಕಣಿ, ಕುಸನೂರುಗಳು ನಿಂತಿವೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಗೆದ್ದದ್ದು ಒಮ್ಮೆಗೇ ಗೆದ್ದುಹೋಗುವುದಿಲ್ಲ. ಬೇಡ್ತಿಯ ಅಣೆಕಟ್ಟು ನಿಂತ ನಾಲ್ಕು ದಶಕಗಳ ಮೇಲೆ ಬೇಡ್ತಿ-ವರದಾ ಜೋಡಣೆಯ ಪ್ರಸ್ತಾಪ ಬಂದಿತು. ಶಿರಸಿ ಯಲ್ಲಾಪುರಗಳ ಜನ ಮತ್ತೆ ಕೂಡಿ ನಿಲ್ಲಬೇಕಾಯಿತು. ಬಯಲುಸೀಮೆಗೆ ನೀರು ಬೇಕೆಂಬುದೂ ಸುಳ್ಳಲ್ಲ. ಬಾಯಾರಿದವನ ಮಾತನ್ನು ಕೇಳದೆ ಹೊಳೆಯ ದಡದವನು ನ್ಯಾಯ ಹೇಳಬಾರದು. ಇಂಥ ತೊಡಕನ್ನು ಬಿಡಿಸಲು ಲೆಕ್ಕವೂ ಬೇಕು, ತಾಳ್ಮೆಯೂ ಬೇಕು. ಸಭೆ ಕರೆದು ಎಲ್ಲರ ಎದುರಿನಲ್ಲಿ ಲೆಕ್ಕ ಬಿಚ್ಚುವ ಪದ್ಧತಿಯನ್ನು 1981ರಲ್ಲಿಯೇ ಶಿರಸಿಯವರು ಹಾಕಿಕೊಟ್ಟಿದ್ದಾರೆ.

ನಮ್ಮ ನಮ್ಮ ಊರಿನಲ್ಲಿ ಒಂದು ಕೆರೆ, ಒಂದು ಗೋಮಾಳ, ಒಂದು ದೇವರ ಕಾಡು ಇದ್ದೇ ಇರುತ್ತದೆ. ಅದನ್ನು ಯಾರೋ ಒತ್ತುವರಿ ಮಾಡಿದಾಗ 'ಸರಕಾರ ಏನು ಮಾಡುತ್ತಿದೆ' ಎಂದು ಜಗಲಿಯ ಮೇಲೆ ಕುಳಿತು ಕೇಳುವುದು ಸುಲಭ. ಆ ಪ್ರಶ್ನೆಯನ್ನು ಕೇಳಲೇಬೇಕು, ಬರೆದೂ ಕೊಡಬೇಕು. ಅದರೊಡನೆ, ಆ ಕೆರೆಗೆ ನಮ್ಮ ಮನೆಯ ಕೊಳೆ ಎಷ್ಟು ಹೋಗುತ್ತಿದೆ, ಆ ಗೋಮಾಳಕ್ಕೆ ನಮ್ಮ ಬೇಲಿ ಎಷ್ಟು ಸರಿದಿದೆ ಎಂಬುದನ್ನೂ ನೋಡಿಕೊಳ್ಳಬೇಕು. 'ನೋಡು' ಎಂಬುದಕ್ಕೂ 'ನೋಡಿಕೋ' ಎಂಬುದಕ್ಕೂ ಇರುವ ವ್ಯತ್ಯಾಸ ಕನ್ನಡ ಬಲ್ಲ ಯಾರಿಗೂ ಗೊತ್ತು. ಹಾಗೆ ನೋಡಿಕೊಂಡ ಊರಿನ ಮಾತನ್ನು ತಾಲೂಕು ಕಚೇರಿಯಲ್ಲಿಯಾಗಲಿ, ವಿಧಾನಸೌಧದಲ್ಲಿಯಾಗಲಿ ತಳ್ಳಿಹಾಕುವುದು ಅಷ್ಟು ಸುಲಭವಲ್ಲ.